ಕುಂಟು ಕೋಳಿಯ ಆರೈಕೆಯೂ ಊರ ಹಿರಿಯರ ಹೊಣೆಯೂ

ಎತ್ತು ಕುಂಟಿದರೆ ಊರೆಲ್ಲ ಕೂಡುವದು; ಕೋಳಿ ಕುಂಟಿದರೆ ಮನೆಯವರೂ ತಿರುಗಿ ನೋಡುವದಿಲ್ಲ. ಹುಂಜವಾದರೆ ಅಂದೇ ಒಲೆಗೆ, ಹ್ಯಾಟೆಯಾದರೆ ಮುಂದಿನ ಸಂತೆಗೆ, ಇಷ್ಟೇ ಅದರ ಚಿಕಿತ್ಸೆ. ಆದರೆ ಮನೆಯ ಹೆಂಗಸರೋ ಮಕ್ಕಳೋ ಕೈಯಾರೆ ಕಾಳು ಹಾಕಿ ಬೆಳೆಸಿದ ಒಂದು ಕೋಳಿ ಬಹುತೇಕ ಪ್ರತಿಯೊಂದು ಊರಿನಲ್ಲಿಯೂ ಇದ್ದೇ ಇರುವದು. ಅದು ಕರೆದರೆ ಬರುವದು, ಪಡಸಾಲೆಯ ಮೂಲೆಯಲ್ಲಿ ಮಲಗುವದು, ಮೊಟ್ಟೆ ನಿಂತ ಮೇಲೂ ಮನೆಯಲ್ಲಿಯೇ ಉಳಿಯುವದು. ಅಂಥ ಕೋಳಿಯ ಕಾಲು ಸೋತಾಗ ಅದನ್ನು ಬುಟ್ಟಿಯಲ್ಲಿಟ್ಟು ಸಾಕುವ ಮುದುಕಿಯನ್ನು ಕಂಡು ಚಾವಡಿಯಲ್ಲಿ ಕುಳಿತ ದೊಡ್ಡವರು ನಗುವದುಂಟು. ಆ ನಗೆ ಸಲ್ಲದು. ಆ ಬುಟ್ಟಿಯೊಳಗಿನ ಕೋಳಿಯು ಊರಿನ ಕೋಳಿಗಳಿಗೆಲ್ಲ ಬರಲಿರುವ ಕೇಡಿನ ಮೊದಲ ಸುದ್ದಿಯನ್ನು ತಂದಿರಬಹುದು. ಇಲ್ಲವಾದರೆ ಎಂಟು ದಿವಸದ ಆರೈಕೆಯಿಂದ ಎದ್ದು ಓಡಾಡಬಲ್ಲ ಕೋಳಿಯೂ ಅದೇ ಆಗಿರಬಹುದು. ಎರಡರಲ್ಲಿ ಯಾವದೆಂಬದನ್ನು ನೋಡದೆ ಕತ್ತಿ ಹಿಡಿಯುವದು ಒಕ್ಕಲುತನವಲ್ಲ.

ಕುಂಟುವದು ರೋಗವಲ್ಲ, ರೋಗದ ಗುರುತು. ಆದುದರಿಂದ ಮೊದಲು ಕೋಳಿಯನ್ನು ಎತ್ತಿ ಪಾದವನ್ನು ನೋಡತಕ್ಕದ್ದು. ನವಲಗುಂದ, ಅಣ್ಣಿಗೇರಿಗಳ ಎರೆ ಭೂಮಿಯಲ್ಲಿ ಮಳೆ ಹಿಡಿದಾಗ ಮಣ್ಣು ಬೆರಳುಗಳಿಗೆ ಮೆತ್ತಿ, ಒಣಗಿ, ಕಲ್ಲಿನ ಗುಂಡಿನಂತಾಗುವದು. ಅದನ್ನು ಕಿತ್ತರೆ ಉಗುರೇ ಕಿತ್ತುಬರುವದು. ಉಗುರು ಬೆಚ್ಚಗಿನ ನೀರಿನಲ್ಲಿ ಕಾಲನ್ನು ಇಳಿಬಿಟ್ಟು ನೆನೆಸಿದರೆ ಮಣ್ಣು ತಾನಾಗಿ ಬಿಡುವದು. ಹತ್ತಿ ಬಿಡಿಸುವ ಕಾಲಕ್ಕೆ ಅಂಗಳದಲ್ಲಿ ಬಿದ್ದ ನೂಲೂ ತಲೆಗೂದಲೂ ಬೆರಳಿಗೆ ಸುತ್ತಿಕೊಂಡು ರಕ್ತವನ್ನು ತಡೆಯುವವು. ಬೆರಳು ಕಪ್ಪಾಗುವದಕ್ಕೆ ಮುಂಚೆ ಕತ್ತರಿಸಿ ತೆಗೆದರೆ ಆಯಿತು, ತಡವಾದರೆ ಬೆರಳು ಹೋಯಿತು. ಅಂಗಾಲು ಬಾತು ನಡುವೆ ಕರೀ ಹೊಪ್ಪಳೆ ಕಟ್ಟಿದ್ದರೆ ಜಾಲಿಯ ಮುಳ್ಳು ಚುಚ್ಚಿಯೋ, ಎತ್ತರದ ಅಟ್ಟದಿಂದ ಗಟ್ಟಿ ನೆಲಕ್ಕೆ ಹಾರಿಯೋ ಕೀವು ಸೇರಿದೆಯೆಂದು ತಿಳಿಯಬೇಕು. ಉಪ್ಪು ಬೆರೆಸಿದ ಬೆಚ್ಚಗಿನ ನೀರಿನಲ್ಲಿ ದಿನಾಲು ನೆನೆಸಿ, ಒರಸಿ, ಶುದ್ಧವಾದ ಅರಿವೆಯನ್ನು ಕಟ್ಟುವದು. ಮುಟ್ಟಿದವರು ಸಬಕಾರದಿಂದ ಕೈ ತೊಳೆಯುವದು. ಕೀವು ಆಳಕ್ಕೆ ಇಳಿದಿದ್ದರೆ ಪಶುವೈದ್ಯರ ಹೊರತು ಬೇರೆಯವರು ಕೊಯ್ಯಬಾರದು. ಕಾಲಿನ ಹುರುಪೆಗಳು ಎದ್ದು ಸುಣ್ಣ ಬಳಿದಂತೆ ಕಂಡರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಇದಕ್ಕೆ ಚಿಮಣಿ ಎಣ್ಣೆಯನ್ನು ಹಚ್ಚುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡುವದೇ ಲೇಸು. ಅದು ಚರ್ಮವನ್ನು ಸುಡುವದು. ಸಬಕಾರದ ನೀರಿನಲ್ಲಿ ತೊಳೆದು ಅಡಿಗೆಯ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಕೆಲವು ವಾರ ಬಿಡದೆ ದಪ್ಪಗೆ ಸವರಿದರೆ ನುಸಿಗಳು ಉಸಿರುಕಟ್ಟಿ ಸಾಯುವವು.

ಪಾದದಲ್ಲಿ ಏನೂ ಇಲ್ಲದೆ ಕೋಳಿಯು ಏಳಲಾರದೆ ಹೋದರೆ ಆಗ ಮನೆಯವರ ಕೆಲಸವು ಮುಗಿದು ಗೌಡರ ಕೆಲಸವು ಪ್ರಾರಂಭವಾಗುವದು. ಸನ್ 1907ರಲ್ಲಿ ಹಂಗೇರಿ ದೇಶದ ಪಶುವೈದ್ಯ ಯೋಝೆಫ್ ಮಾರೆಕ್ ಎಂಬವರು ಕಾಲು ರೆಕ್ಕೆಗಳು ಸೋತ ಹುಂಜಗಳನ್ನು ಪರೀಕ್ಷಿಸಿ ಬರೆದ ರೋಗವು ಈಗ ಅವರ ಹೆಸರಿನಿಂದಲೇ ನಡೆದಿದೆ. ಬೆಳೆಯುವ ವಯಸ್ಸಿನ ಕೋಳಿಯು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದುಕೊಳ್ಳುವದು ಅದರ ಗುರುತು. ಇದರ ವಿಷಾಣುವು ಗರಿಯ ಬುಡದ ಹೊಟ್ಟಿನೊಡನೆ ಧೂಳಿನಲ್ಲಿ ಸೇರಿ ತಿಂಗಳುಗಟ್ಟಲೆ ಬದುಕುವದು. ರೋಗ ಬಂದ ಮೇಲೆ ಔಷಧವಿಲ್ಲ. ಮರಿಯು ಒಡೆದು ಬಂದ ದಿವಸವೇ ಹಾಕುವ ಲಸಿಕೆಯೊಂದೇ ಉಪಾಯ. ಮರಿಗಳನ್ನು ಕೊಳ್ಳುವವರು ಈ ಲಸಿಕೆ ಆಗಿದೆಯೋ ಇಲ್ಲವೋ ಎಂದು ಕೇಳುವದೇ ಇಲ್ಲ, ಬಣ್ಣವನ್ನು ನೋಡಿ ಕೊಳ್ಳುತ್ತಾರೆ. ಇನ್ನು ಕೊಕ್ಕರೆ ರೋಗವನ್ನು ಅರಿಯದ ಊರಿಲ್ಲ. ಸನ್ 1927ರಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡುಬಂದುದರಿಂದ ನಮ್ಮ ದೇಶದಲ್ಲಿ ಇದಕ್ಕೆ ಆ ಊರಿನ ಹೆಸರೇ ಬಿದ್ದಿದೆ. ಹಸಿರು ಬೇಧಿಯಾಗಿ, ಬಾಯ್ದೆರೆದು ಉಸಿರಾಡಿ ಕೋಳಿಗಳು ಗುಂಪುಗುಂಪಾಗಿ ಸಾಯುವವು. ಬದುಕಿದವುಗಳಲ್ಲಿ ಕೆಲವು ಕುತ್ತಿಗೆ ತಿರುಚಿ ಕಾಲು ಎಳೆಯುವವು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದ ಸುಮಾರಿಗೆ ಒಂದು ಚುಚ್ಚುಮದ್ದು, ಇಷ್ಟರಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು. ಇವೆರಡೂ ರೋಗಗಳು ಪ್ರಾಣಿಗಳ ಅಂಟುರೋಗಗಳನ್ನು ಕುರಿತ 2009ರ ಕೇಂದ್ರ ಕಾಯಿದೆಯ ಪಟ್ಟಿಯಲ್ಲಿ ಸೇರಿವೆ. ಸಂಶಯ ಬಂದೊಡನೆ ಒಡೆಯನು ಗ್ರಾಮಾಧಿಕಾರಿಗೋ ಪಂಚಾಯತಿಗೋ ತಿಳಿಸತಕ್ಕದ್ದೆಂದು ಅದರಲ್ಲಿ ವಿಧಿಸಿದೆ. ಎಂದ ಮೇಲೆ ಮುದುಕಿಯು ಚಾವಡಿಗೆ ಬಂದು ತನ್ನ ಕೋಳಿ ಏಳಲೊಲ್ಲದೆಂದು ಹೇಳಿದರೆ ಅವಳು ಕಾಯಿದೆಯನ್ನು ಪಾಲಿಸಿದವಳು; ನಕ್ಕು ಕಳಿಸಿದವರು ಅದನ್ನು ಮೀರಿದವರು.

ಆದರೆ ಒಂದೇ ಕೋಳಿ ಸೋತು, ಉಳಿದವು ಚೆನ್ನಾಗಿದ್ದರೆ, ಅದರ ಮೇವನ್ನು ವಿಚಾರಿಸುವದು ಒಳ್ಳೆಯದು. ಇಲ್ಲಿ ಒಂದು ಸಂಗತಿಯನ್ನು ಹೇಳದೆ ಇರಲಾಗದು. ಸನ್ 1889ರ ಸುಮಾರಿಗೆ ಜಾವಾ ದ್ವೀಪದ ಬಟಾವಿಯಾ ನಗರದಲ್ಲಿ ಡಚ್ಚರ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಎಂಬವರು ಬೇರಿಬೇರಿ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದರು. ಅವರ ಪ್ರಯೋಗಶಾಲೆಯ ಕೋಳಿಗಳ ಕಾಲು ಸೋತವು. ಕ್ರಿಮಿ ಸಿಕ್ಕಲಿಲ್ಲ. ಕೆಲವು ತಿಂಗಳಾದ ಮೇಲೆ ಕೋಳಿಗಳು ತಾವಾಗಿಯೇ ಎದ್ದುನಿಂತವು. ವಿಚಾರಿಸಲಾಗಿ, ಆ ತಿಂಗಳುಗಳಲ್ಲಿ ಅವಕ್ಕೆ ಸೈನಿಕರ ಆಸ್ಪತ್ರೆಯ ಬಿಳೀ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನವನ್ನು ಹೊರಗಿನ ಕೋಳಿಗಳಿಗೆ ಕೊಡಲೊಲ್ಲದೆ ಹೋದುದರಿಂದ ಮತ್ತೆ ತೌಡು ಉಳಿದ ಅಕ್ಕಿ ಅವಕ್ಕೆ ದೊರೆಯಿತೆಂದೂ ತಿಳಿದುಬಂತು. ತೌಡಿನಲ್ಲಿದ್ದ ಆ ಸತ್ವವನ್ನೇ ಇಂದು ಬಿ-1 ಜೀವಸತ್ವವೆನ್ನುತ್ತಾರೆ. ಐಕ್ಮನ್ನರಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆ ಅಡಿಗೆಯವನ ಜಿಪುಣತನಕ್ಕೂ ಒಂದು ಪಾಲು ಸಲ್ಲಬೇಕಾಗಿತ್ತು.

ಕಲಘಟಗಿಯ ಭತ್ತದ ಸೀಮೆಯಲ್ಲಿ ಗಿರಣಿಯ ನುಚ್ಚು ಅಗ್ಗವಾಗಿ ದೊರೆಯುವದರಿಂದ ಈ ಮಾತು ಅಲ್ಲಿಯವರಿಗೆ ನೇರವಾಗಿ ಸಲ್ಲುವದು. ಅಂಗಳದಲ್ಲಿ ಕೆದರುವ ಕೋಳಿಯು ಹುಳ, ಹುಲ್ಲು, ಹರಳು ಎಲ್ಲವನ್ನೂ ತಾನೇ ಆರಿಸಿಕೊಳ್ಳುವದು. ಅದಕ್ಕೆ ನುಚ್ಚು ಹಾಕಿದರೆ ಹಾನಿಯಿಲ್ಲ. ಮುಳ್ಳು ಚುಚ್ಚಿ ಕುಂಟಿದ ಕೋಳಿಯನ್ನು ಪ್ರೀತಿಯಿಂದ ಬುಟ್ಟಿಯ ಕೆಳಗೆ ಮುಚ್ಚಿಟ್ಟು ತಿಂಗಳುಗಟ್ಟಲೆ ಬರಿಯ ನುಚ್ಚನ್ನೇ ಹಾಕಿದರೆ, ಮುಳ್ಳಿನ ಗಾಯ ಮಾಯ್ದರೂ ಕಾಲಿಗೆ ಬಲ ಬಾರದು. ಪ್ರೀತಿಯೇ ರೋಗವಾಗುವದು ಹೀಗೆ. ಬುಟ್ಟಿಯಲ್ಲಿಟ್ಟ ಕೋಳಿಗೆ ಜೋಳದೊಡನೆ ತೌಡು, ನುಗ್ಗೆಯ ಸೊಪ್ಪು, ಮಜ್ಜಿಗೆ ಇವನ್ನು ಕೊಡಬೇಕು. ಬೆರಳುಗಳು ಒಳಕ್ಕೆ ಮಡಿಸಿಕೊಂಡ ಮರಿಗಳಿಗೆ ಸೊಪ್ಪು ಮಜ್ಜಿಗೆಗಳ ಬಿ-2 ಸತ್ವವು ಬೇಗ ದೊರೆತರೆ ಬೆರಳು ಬಿಚ್ಚುವ ಸಂಭವವಿದೆ. ಮೊಟ್ಟೆ ಇಡುವದಕ್ಕೆ ಸುಣ್ಣದ ಅಂಶವೂ, ಅದು ಮೈಗೆ ಹತ್ತುವದಕ್ಕೆ ಬಿಸಿಲೂ ಬೇಕು. ಬೂಸಲು ಹಿಡಿದ ಕಾಳನ್ನು ಮಾತ್ರ ಹಾಕಲೇಬಾರದು. ಹಗೇವಿನ ಅಂಚಿನ ಜೋಳ, ಮಳೆಗೆ ಸಿಕ್ಕ ಕುಂದಗೋಳದ ಶೇಂಗಾ ಇವು ಕೋಳಿಗಳ ಪಾಲಿಗೇ ಬರುವದು ವಾಡಿಕೆ. ಸನ್ 1960ರಲ್ಲಿ ಇಂಗ್ಲಂಡದಲ್ಲಿ ಬೂಸಲು ಶೇಂಗಾ ಹಿಂಡಿಯಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು.

ಏಳಲಾರದ ಕೋಳಿಗೆ ಹಾಸಿಗೆಯೇ ಮುಖ್ಯ. ಒಣ ರವದಿಯನ್ನಾಗಲಿ ಹೊಟ್ಟನ್ನಾಗಲಿ ನಾಲ್ಕು ಬೆರಳು ದಪ್ಪ ಹಾಸಿ ದಿನಾಲು ಬದಲಿಸದಿದ್ದರೆ ಎದೆಯೆಲುಬಿನ ಮೇಲೆ ಹುಣ್ಣಾಗುವದು. ಹಿಂಭಾಗಕ್ಕೆ ಹೇಲು ಮೆತ್ತಿದರೆ ನೊಣ ಕೂತು ಹುಳ ಬೀಳುವದು. ನೀರಿನ ತಾಟು ಕುಳಿತಲ್ಲಿಯೇ ಕೊಕ್ಕಿಗೆ ನಿಲುಕಬೇಕು. ಬೇರೆ ಕೋಳಿಗಳು ಕುಕ್ಕದಂತೆ ನಡುವೆ ಜಾಳಿಗೆಯಿರಲಿ, ಆದರೆ ಅವು ಕಣ್ಣಿಗೆ ಕಾಣುತ್ತಿರಲಿ. ಒಂಟಿಯಾದ ಕೋಳಿ ಮೇವನ್ನು ಬಿಡುವದು. ಒಂದು ಅರಿವೆಗೆ ಕಾಲು ತೂರಿಸಲು ಎರಡು ತೂತು ಮಾಡಿ, ಅದನ್ನು ಎರಡು ಬಿದಿರುಗಳ ನಡುವೆ ಜೋಲಿಯಂತೆ ಕಟ್ಟಿ, ಪಾದಗಳು ನೆಲಕ್ಕೆ ತಾಕುವಷ್ಟು ಎತ್ತರದಲ್ಲಿ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕಾಲಿಗೆ ಬಲ ಬರಲು ಆಸ್ಪದವಾಗುವದು. ಮೊಣಕಾಲಿನ ಕೆಳಗೆ ಎಲುಬು ಮುರಿದಿದ್ದರೆ ಹತ್ತಿ ಸುತ್ತಿ, ಬಿದಿರು ಸೀಳುಗಳನ್ನಿಟ್ಟು ಮೂರು ವಾರ ಕಟ್ಟುವದು. ಬೆರಳು ತಣ್ಣಗಾದರೆ ಕಟ್ಟು ಬಿಗಿಯಾಯಿತೆಂದು ತಿಳಿದು ಸಡಿಲಿಸಬೇಕು. ಔಷಧ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿವಸ ತಿನ್ನಬಾರದೆಂಬದನ್ನು ವೈದ್ಯರನ್ನೇ ಕೇಳಿಕೊಳ್ಳುವದು.

ಇಷ್ಟಾದರೂ ಕೋಳಿಯು ಮೇವು ನೀರು ಬಿಟ್ಟು ಎರಡು ಮೂರು ದಿವಸ ಕಣ್ಣು ಮುಚ್ಚಿ ಕೂತರೆ ಅದನ್ನು ಬದುಕಿಸಲೆಳಸುವದು ದಯೆಯಾಗದು. ಅದನ್ನು ಒಮ್ಮೆಗೇ ನೋವಿಲ್ಲದೆ ಮುಗಿಸುವ ವಿಧಾನವನ್ನು ಪಶುವೈದ್ಯರು ಹೇಳಿಕೊಡುವರು. ಸಂತೆಯ ದಾರಿ ಮಾತ್ರ ಕೂಡದು. ಕಾಲು ಸೋತ ಕೋಳಿಯನ್ನು ಅರ್ಧ ಬೆಲೆಗೆ ಮಾರಿದವನು ಸೋಂಕನ್ನು ಹತ್ತು ಊರುಗಳಿಗೆ ಹಂಚಿದಂತೆಯೇ ಸರಿ. ರೋಗದ ಪ್ರಾಣಿಯನ್ನು ಸಂತೆಗೆ ತರುವದನ್ನು ಮೇಲೆ ಹೇಳಿದ ಕಾಯಿದೆಯೂ ನಿಷೇಧಿಸಿದೆ. ಸತ್ತುದನ್ನು ತಿಪ್ಪೆಗೂ ಬೆಣ್ಣೆಹಳ್ಳಕ್ಕೂ ಎಸೆಯುವದನ್ನು ಗೌಡರು ನಿಲ್ಲಿಸಬೇಕು. ಕೊಳೆತ ಹೆಣದ ಹುಳಗಳನ್ನು ತಿಂದ ಕೋಳಿಗಳ ಕುತ್ತಿಗೆ ಜೋತುಬಿದ್ದು ಮತ್ತಷ್ಟು ಸಾವುಗಳಾಗುವವು. ಬಾವಿ ಹಳ್ಳಗಳಿಂದ ದೂರ, ನಾಯಿ ಕೆದರದಷ್ಟು ಆಳದ ಕುಣಿ ತೋಡಿಸಿ, ಮೇಲೆ ಸುಣ್ಣ ಹಾಕಿಸಿ ಮುಚ್ಚಿಸತಕ್ಕದ್ದು. ಅದು ಮಲಗಿದ್ದ ರವದಿಯನ್ನು ಅದೇ ದಿವಸ ಸುಡಿಸತಕ್ಕದ್ದು.