ಕುರಿಯ ಉಣ್ಣೆ, ನಮ್ಮ ತಲೆ, ನಡುವೆ ಒಂದು ಪ್ರೋಟೀನು

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದ ಹಾಗೆ ಹಾಸ್ಟೆಲ್ಲಿನಲ್ಲಿ ಎರಡು ವಿಷಯದ ಚರ್ಚೆ ಜೋರಾಗುತ್ತದೆ. ಒಂದು ಆಪ್ಟಿಟ್ಯೂಡ್ ಟೆಸ್ಟು, ಇನ್ನೊಂದು ತಲೆಕೂದಲು. ಬಾತ್‌ರೂಮಿನ ಜಾಲರಿ ಕಟ್ಟಿಕೊಂಡ ದಿನ ನಾವೆಲ್ಲ ಸೇರಿ ಬೋರ್‌ವೆಲ್ ನೀರಿಗೆ ಶಾಪ ಹಾಕುತ್ತೇವೆ. ಗಡಸು ನೀರು ಕೂದಲನ್ನು ಒರಟು ಮಾಡೀತು, ಆದರೆ ಹಣೆಯ ಎರಡೂ ಬದಿಯಿಂದ ಕೂದಲು ಹಿಂದೆ ಸರಿಯುವುದಕ್ಕೆ ಪಾಪ ಅದು ಕಾರಣವಲ್ಲ. ಈಚೆಗೆ ಈ ಚರ್ಚೆಗೆ ಹೊಸ ಪದವೊಂದು ಸೇರಿಕೊಂಡಿದೆ: ‘ಗ್ರೋತ್ ಫ್ಯಾಕ್ಟರ್’. ಅದರ ಸೀರಮ್ಮು, ಅದರ ಇಂಜೆಕ್ಷನ್ನು, ಆರು ಸಿಟ್ಟಿಂಗ್‌ನ ಪ್ಯಾಕೇಜು, ಕೈಯಲ್ಲಿ ಕಾಸಿಲ್ಲದಿದ್ದರೆ ಇಎಂಐ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಆದರೆ ಅಪ್ಪ ಕಳಿಸಿದ ದುಡ್ಡನ್ನು ಇದಕ್ಕೆ ಸುರಿಯುವಷ್ಟು ಅದು ಇನ್ನೂ ಪಕ್ವವಾಗಿಲ್ಲ.

ಗ್ರೋತ್ ಫ್ಯಾಕ್ಟರ್ ಅಂದರೆ ಗೊಬ್ಬರ ಅಂದುಕೊಂಡವರೇ ಹೆಚ್ಚು. ಹೆಸರೇ ಹಾಗಿದೆ, ಏನು ಮಾಡೋದು. ನಿಜದಲ್ಲಿ ಅವು ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶಗಳು, ಪ್ರೋಟೀನಿನಲ್ಲಿ ಬರೆದ ಸಿಗ್ನಲ್‌ಗಳು. ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ಸಾರವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ಅವಧಿಗೆ ಮೊದಲೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಬಂದವು. ಅದರಲ್ಲಿದ್ದ ಪ್ರೋಟೀನೇ ಇಜಿಎಫ್. ಈ ಸಾಲಿನ ಕೆಲಸಕ್ಕೆ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ 1986ರ ನೊಬೆಲ್ ಹಂಚಿಕೊಂಡರು.

ಮಜಾ ಇರೋದು ಮುಂದೆ. ಇದೇ ಇಜಿಎಫ್ ಅನ್ನು ಕುರಿಗೆ ಚುಚ್ಚಿದರೆ ಉಣ್ಣೆ ಬೆಳೆಯುವುದಿಲ್ಲ, ಉದುರುತ್ತದೆ! ಬುಡದಲ್ಲಿ ಕೂದಲಿನ ಬೆಳವಣಿಗೆ ಸ್ವಲ್ಪ ದಿನ ನಿಂತು, ಅಲ್ಲೊಂದು ಬಲಹೀನ ಜಾಗ ಉಂಟಾಗಿ ಇಡೀ ಉಣ್ಣೆ ಕಳಚಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಇದನ್ನೇ ಬಳಸಿ ಕತ್ತರಿಯಿಲ್ಲದೆ ಉಣ್ಣೆ ತೆಗೆಯುವ ‘ಬಯೋಕ್ಲಿಪ್’ ಎಂಬ ವಿಧಾನವನ್ನು ತಂದರು. ಇಂಜೆಕ್ಷನ್ ಕೊಟ್ಟು ಕುರಿಗೆ ಬಲೆಯ ಅಂಗಿ ತೊಡಿಸುವುದು, ಕೆಲವು ವಾರ ಬಿಟ್ಟು ಉಣ್ಣೆಯನ್ನು ಕೈಯಲ್ಲೇ ಬಿಡಿಸಿಕೊಳ್ಳುವುದು. ಹೆಸರಿನಲ್ಲಿ ‘ಗ್ರೋತ್’ ಇದೆ ಅಂತ ಬಾಟಲಿ ಕೊಳ್ಳುವವರು ಈ ಕುರಿಯನ್ನು ಒಮ್ಮೆ ನೆನೆಯಬೇಕು.

ಎಫ್‌ಜಿಎಫ್-5 ಎಂಬ ಇನ್ನೊಂದರ ಕೆಲಸವೇ ಕೂದಲಿಗೆ ‘ಸಾಕು, ನಿಲ್ಲು’ ಎನ್ನುವುದು. ಅದರ ಜೀನು ಕೆಟ್ಟ ಇಲಿಗೆ ಉದ್ದುದ್ದ ಕೂದಲು, ಎಷ್ಟೋ ಜಾತಿಯ ಉದ್ದಗೂದಲ ನಾಯಿಗಳ ಗುಟ್ಟೂ ಅದೇ. ಇನ್ನು ವಿಇಜಿಎಫ್ ರಕ್ತನಾಳ ಬೆಳೆಸುತ್ತದೆ, ಇಲಿಗಳಲ್ಲಿ ಅದನ್ನು ಹೆಚ್ಚಿಸಿದಾಗ ಕೂದಲು ದಪ್ಪವಾದದ್ದೂ ನಿಜ. ಅಂದರೆ ಯಾವ ಸಿಗ್ನಲ್, ಎಷ್ಟು, ಯಾವಾಗ, ಯಾವ ಕೋಶಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಂಟ್ರೋಲ್ ಸಿಸ್ಟಮ್ಸ್ ಪಾಸ್ ಮಾಡಿದವರಿಗೆ (ಬ್ಯಾಕ್ ಇಟ್ಟುಕೊಂಡವರಿಗೂ) ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಪಿಆರ್‌ಪಿ ನೋಡೋಣ. ನಮ್ಮದೇ ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ನೆತ್ತಿಗೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್ ಒಳಗಿನ ಚೀಲಗಳಿಂದ ಹತ್ತಾರು ಗ್ರೋತ್ ಫ್ಯಾಕ್ಟರ್‌ಗಳು ಒಟ್ಟಿಗೆ ಹೊರಬರುತ್ತವೆ. ವಿಇಜಿಎಫ್ ಇರುತ್ತದೆ, ಕುರಿಯ ಇಜಿಎಫ್ ಇರುತ್ತದೆ, ಟಿಜಿಎಫ್-ಬೀಟಾವೂ ಇರುತ್ತದೆ. ಗಂಡಸರ ಬೊಕ್ಕತಲೆಯಲ್ಲಿ ಡಿಎಚ್‌ಟಿ ಹಾರ್ಮೋನು ಕೂದಲಿನ ಬುಡವನ್ನು ಕುಗ್ಗಿಸುವಾಗ ಬಳಸುವ ಸಂದೇಶಗಳಲ್ಲಿ ಈ ಟಿಜಿಎಫ್-ಬೀಟಾ ಕೂಡ ಒಂದು! ಹಾಗಂತ ಪಿಆರ್‌ಪಿ ಪೂರಾ ಮೋಸ ಅಂತ ನಾವು ಹೇಳುತ್ತಿಲ್ಲ. ಸಣ್ಣ ಪ್ರಯೋಗಗಳಲ್ಲಿ ಕೆಲವರಿಗೆ ಕೂದಲಿನ ಸಾಂದ್ರತೆ ಹೆಚ್ಚಿದೆ. ತೊಂದರೆ ಏನೆಂದರೆ ಎಷ್ಟು ವೇಗದಲ್ಲಿ ತಿರುಗಿಸಬೇಕು, ಎಷ್ಟು ಪ್ಲೇಟ್‌ಲೆಟ್ ಇರಬೇಕು, ಎಷ್ಟು ದಿನಕ್ಕೊಮ್ಮೆ ಚುಚ್ಚಬೇಕು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಲ್ಯಾಬ್ ರೆಕಾರ್ಡಿನಲ್ಲಿ ಆರ್‌ಪಿಎಂ ಬರೆಯದೆ ಹೋದರೆ ನಮ್ಮ ಮೇಷ್ಟ್ರು ಸಹಿ ಹಾಕುವುದಿಲ್ಲ, ಇಲ್ಲಿ ಅದನ್ನು ಕೇಳದೆಯೇ ತಲೆ ಕೊಡುತ್ತೇವೆ. ಡಿಎಚ್‌ಟಿಯಂತೂ ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಹಾಗಾಗಿ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು.

ಹಚ್ಚುವ ಸೀರಮ್ಮಿನ ಕಥೆ ಇನ್ನೂ ಚಿಕ್ಕದು. ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣು ಆರೋಗ್ಯವಂತ ಚರ್ಮದೊಳಗೆ ಸುಲಭವಾಗಿ ಇಳಿಯುವುದಿಲ್ಲ ಎಂಬುದು ಔಷಧ ತಯಾರಿಸುವವರು ನಂಬಿಕೊಂಡಿರುವ ಲೆಕ್ಕ. ಮಿನಾಕ್ಸಿಡಿಲ್ ಸುಮಾರು 209. ಇಜಿಎಫ್ ಆರು ಸಾವಿರದ ಹತ್ತಿರ. ಉಳಿದದ್ದು ನೀವೇ ಲೆಕ್ಕ ಹಾಕಿ.

ಮಿನಾಕ್ಸಿಡಿಲ್ಲಿಗೆ 1988ರಲ್ಲಿ, ಫಿನಾಸ್ಟರೈಡ್‌ಗೆ 1997ರಲ್ಲಿ ಅಮೆರಿಕದ ಎಫ್‌ಡಿಎ ಗಂಡಸರ ಕೂದಲಿಗಾಗಿ ಒಪ್ಪಿಗೆ ಕೊಟ್ಟಿತು. ಇವೇನೂ ಪವಾಡವಲ್ಲ. ತಿಂಗಳುಗಟ್ಟಲೆ ಕಾಯಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ, ಫಿನಾಸ್ಟರೈಡ್ ಕೆಲವರಿಗೆ ಲೈಂಗಿಕ ತೊಂದರೆ ಕೊಡುತ್ತದೆ, ಆದ್ದರಿಂದ ಡಾಕ್ಟರ್ ಹೇಳದೆ ಮುಟ್ಟಬಾರದು. ಆದರೂ ಇವುಗಳ ಅಳತೆ ಗೊತ್ತು, ಅಡ್ಡಪರಿಣಾಮ ಗೊತ್ತು.

ಇನ್ನೊಂದು ಮಾತು ಹೇಳಲೇಬೇಕು. ಡೆಂಗ್ಯೂ, ಟೈಫಾಯ್ಡ್ ಬಂದುಹೋದ ಎರಡು ಮೂರು ತಿಂಗಳಿಗೆ, ಊಟ ಬಿಟ್ಟು ತೂಕ ಇಳಿಸಿದ ಮೇಲೆ, ಕೈತುಂಬ ಕೂದಲು ಉದುರುತ್ತದೆ. ಹುಡುಗಿಯರಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಹೀಗಾಗಬಹುದು. ಜ್ವರದ ನಂತರದ್ದು ಹೆಚ್ಚಾಗಿ ತಾನೇ ಸರಿಹೋಗುತ್ತದೆ. ನಮ್ಮ ಸೀನಿಯರ್ ಒಬ್ಬರಿಗೆ ಡೆಂಗ್ಯೂ ಆದ ಮೂರನೇ ತಿಂಗಳಲ್ಲಿ ಒಂದು ಕ್ಲಿನಿಕ್‌ನವರು ಜ್ವರ ಬಂದಿತ್ತಾ ಅಂತಲೂ ಕೇಳದೆ ಪ್ಯಾಕೇಜ್ ಮಾರಿದರು. ಕೂದಲು ಬಂತು. ಪಿಆರ್‌ಪಿಯಿಂದ ಬಂತೋ ಅದಾಗಿಯೇ ಬಂತೋ, ಈಗ ಹೇಳುವವರು ಯಾರು? ಜಾಹೀರಾತಿನ ‘ಮೊದಲು-ನಂತರ’ ಫೋಟೋದಲ್ಲಿ ಅವರೂ ಇದ್ದಾರೆ, ಇಎಂಐ ಇನ್ನೂ ಕಟ್ಟುತ್ತಿದ್ದಾರೆ.

‘ಕೂದಲು ತಾನೇ, ಬಿಡು ಮಗಾ’ ಎನ್ನುವವರ ಜೊತೆಗೂ ನಮ್ಮ ತಕರಾರಿದೆ. ಇಪ್ಪತ್ತೊಂದಕ್ಕೇ ಟೋಪಿ ಇಲ್ಲದೆ ಕ್ಲಾಸಿಗೆ ಬರಲು ಹಿಂಜರಿಯುವವನಿಗೆ ಅದು ಸಣ್ಣ ವಿಷಯವಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಬಂದಾಗ ಬೊಕ್ಕತಲೆಯ ಆ ಕನ್ನಡ ಮೇಷ್ಟ್ರನ್ನು ನೋಡಿ ಎಲ್ಲರೂ ಮೆಚ್ಚಿ ಚಪ್ಪಾಳೆ ತಟ್ಟಿದರು. ಆಮೇಲೂ ಹಾಸ್ಟೆಲ್ಲಿನಲ್ಲಿ ‘ಮೊಟ್ಟೆ’ ಅನ್ನೋದು ಅಡ್ಡಹೆಸರೇ. ಆ ಅಡ್ಡಹೆಸರೇ ಕ್ಲಿನಿಕ್ಕಿಗೆ ಗಿರಾಕಿ ಕಳಿಸುತ್ತದೆ.

ಕಾಲೇಜಿನ ಹೆಲ್ತ್ ಸೆಂಟರಿಗೆ ತಿಂಗಳಿಗೊಮ್ಮೆಯಾದರೂ ಚರ್ಮರೋಗದ ಡಾಕ್ಟರನ್ನು ಕರೆಸಿ ಅಂತ ಸಂಘದಿಂದ ಅರ್ಜಿ ಬರೆದಿದ್ದೇವೆ, ಸಹಿ ಹಾಕುವವರು ಲೈಬ್ರರಿ ಮೆಟ್ಟಿಲ ಹತ್ತಿರ ಸಿಗಿ. ಈ ಸಲದ ರಾಜ್ಯೋತ್ಸವದ ಸ್ಕಿಟ್ಟಿನಿಂದ ಬೊಕ್ಕತಲೆ ಪ್ರೊಫೆಸರ್ ಪಾತ್ರವನ್ನೂ ತೆಗೆದಿದ್ದೇವೆ. ಅದರ ಬದಲು ಯಾವ ಪಾತ್ರ ಅಂತ ಇನ್ನೂ ಗಲಾಟೆ ನಡೀತಾ ಇದೆ.