ಕಲ್ಲು ಒಡೆಯುವ ಮುನ್ನ ಹಿಕ್ಕೆ ನೋಡಿ

ಬಾವಲಿ ಹಿಕ್ಕೆಯನ್ನು ಪೊಟ್ಟಣ ಕಟ್ಟಿ ಲ್ಯಾಬಿಗೆ ಕಳಿಸಬೇಕು ಅಂದರೆ ಸೇಡಂ ಬಜಾರಿನಲ್ಲಿ ಯಾರಾದರೂ ನಕ್ಕಾರು. ‘ಊರಾಗ ಇಷ್ಟು ತಾಪತ್ರಯ ಅವ, ಬಾವಲಿ ಹಿಕ್ಕಿ ತಗೊಂಡು ಏನ್ ಮಾಡ್ತೀರ್ರೀ?’ ಅಂತ ಅಂಗಡಿ ಕಟ್ಟೆಯ ಮೇಲೆ ಕೂತವರು ಕೇಳಬಹುದು. ಕೇಳಲಿ. ಉತ್ತರ ಅವರದೇ ಅಂಗಡಿಯ ತೊಗರಿ ಚೀಲದೊಳಗೆ ಇದೆ.

ತೊಗರಿಗೆ ದೊಡ್ಡ ಶತ್ರು ಕಾಯಿಕೊರಕ ಹುಳ. ಅದರ ಪತಂಗ ಹಾರುವುದು ರಾತ್ರಿ. ಆ ಹೊತ್ತಿನಲ್ಲೇ ಸಣ್ಣ ಬಾವಲಿಗಳು ಹುಳ ಬೇಟೆಗೆ ಹೊರಡುತ್ತವೆ. ಅಮೆರಿಕದ ಟೆಕ್ಸಾಸಿನಲ್ಲಿ ಬಾವಲಿ ಹಿಕ್ಕೆಯ ಡಿಎನ್‌ಎ ಪರೀಕ್ಷೆ ಮಾಡಿ 2012ರಲ್ಲಿ ವರದಿ ಪ್ರಕಟಿಸಿದರು. ಮೆಕ್ಕೆಜೋಳ, ಹತ್ತಿ ತಿನ್ನುವ ಹುಳದ ಪತಂಗ ಹೆಚ್ಚಾದಂತೆ ಬಾವಲಿಗಳು ಅದನ್ನೇ ಹೆಚ್ಚು ತಿಂದದ್ದು ಹಿಕ್ಕೆಯಿಂದ ಗೊತ್ತಾಯಿತು. ಆ ಹುಳ ಇಲ್ಲಿನ ಕಾಯಿಕೊರಕಕ್ಕೆ ದಾಯಾದಿ. ಅದೇ ರಾಜ್ಯದ 8 ಕೌಂಟಿಗಳ ಹತ್ತಿ ಬೆಳೆಗೆ ಬಾವಲಿಗಳು ಮಾಡುವ ಉಪಕಾರ ವರ್ಷಕ್ಕೆ ಸುಮಾರು 7.4 ಲಕ್ಷ ಡಾಲರ್ ಎಂದು 2006ರಲ್ಲೇ ಲೆಕ್ಕ ಹಾಕಿದ್ದರು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಗೆ ಇಂಥ ಲೆಕ್ಕ ಬೇಡವೇ?

ವಿಧಾನ ಕಷ್ಟದ್ದಲ್ಲ. ಬಾವಲಿಯ ಕರುಳಿನ ಒಳಪದರದ ಕಣಗಳು ಹಿಕ್ಕೆಯ ಜೊತೆ ಹೊರಗೆ ಬೀಳುತ್ತವೆ. ಅವುಗಳಿಂದ ಡಿಎನ್‌ಎಯ ಒಂದು ಸಣ್ಣ ತುಣುಕು ಓದಿ, ಮೊದಲೇ ಗೊತ್ತಿರುವ ಜಾತಿಗಳ ಪಟ್ಟಿಗೆ ತಾಳೆ ನೋಡಿದರೆ ಇದು ಯಾವ ಬಾವಲಿ ಅಂತ ಹೇಳಬಹುದು. ಬಲೆ ಬೇಡ, ಹಿಡಿಯುವುದು ಬೇಡ, ರೆಕ್ಕೆ ಮುರಿಯುವ ಭಯವಿಲ್ಲ. ಏನು ತಿಂದಿದೆ ಎಂಬುದೂ ಅದೇ ಪೊಟ್ಟಣದಲ್ಲಿ ಸಿಗುತ್ತದೆ. ಹಿಕ್ಕೆ ಮಾತ್ರ ಹೊಸದಿರಬೇಕು, ಒಣಗಿರಬೇಕು; ಬಿಸಿಲು, ತೇವ ಎರಡೂ ಡಿಎನ್‌ಎ ಹಾಳು ಮಾಡುತ್ತವೆ. (ಇಲಿಯದ್ದೋ ಬಾವಲಿಯದ್ದೋ ಎಂಬ ಅನುಮಾನ ಬಂದರೆ ಕಡ್ಡಿಯಿಂದ ಒತ್ತಿ ನೋಡಬೇಕು. ಹುಳ ತಿನ್ನುವ ಬಾವಲಿಯದಾದರೆ ಪುಡಿಪುಡಿಯಾಗಿ ಹುಳದ ರೆಕ್ಕೆಯ ಹೊಳಪು ಕಾಣುತ್ತದೆ, ಇಲಿಯದ್ದು ಗಟ್ಟಿ.) ಬರಿಗೈಯಲ್ಲಿ ಮುಟ್ಟಬಾರದು, ಮೂಗು-ಬಾಯಿ ಕಟ್ಟಿಕೊಳ್ಳಬೇಕು. ಹಳೆ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಬೂಷ್ಟು ಇರಬಹುದು.

ಇದಕ್ಕೆ ಇಷ್ಟು ಅವಸರ ಯಾಕೆ? ಕೋಲಾರ ಜಿಲ್ಲೆ ನೋಡಿ. ಅಲ್ಲಿನ ಹನುಮನಹಳ್ಳಿಯ ಗುಹೆಯ ಎಲೆಮೂಗಿನ ಬಾವಲಿ ಜಗತ್ತಿಗೆ ಹೊಸ ಜಾತಿ ಎಂದು ಹೆಸರು ಪಡೆದದ್ದು 1994ರಲ್ಲಿ. ಪಕ್ಕದ ತೇರಹಳ್ಳಿಯಲ್ಲೂ ಇತ್ತು, ಅಲ್ಲಿಂದ ಹೋಗಿಬಿಟ್ಟಿತು. ಸುತ್ತ ಗ್ರಾನೈಟ್ ಕ್ವಾರಿ. 2016ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದಾಗ ಉಳಿದದ್ದು ಇನ್ನೂರರ ಒಳಗೆ. ಹೆಸರಿಟ್ಟು ಎರಡು ದಶಕ ದಾಟುವಷ್ಟರಲ್ಲಿ ಆ ಗತಿ. ಅಲ್ಲಿ ಗ್ರಾನೈಟ್, ಇಲ್ಲಿ ಸುಣ್ಣದ ಕಲ್ಲು ಮತ್ತು ಫರಸಿ. ವಾಡಿ, ಸೇಡಂ, ಮಳಖೇಡದ ಸಿಮೆಂಟಿಗೆ, ಶಹಾಬಾದ್ ಕಲ್ಲಿಗೆ ಎಷ್ಟು ನೆಲ ತೋಡಿದ್ದಾರೋ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಆ ನೆಲದೊಳಗಿನ ಸಂದು, ಗುಂಡಿ, ಬಿರುಕಿನಲ್ಲಿ ಯಾವ ಬಾವಲಿ ವಾಸವಿತ್ತು ಅಂತ ಬಾಂಬು ಹಾಕುವ ಮೊದಲು ಯಾರು ಕೇಳಿದರು?

ಬಾವಲಿ ಕಂಡರೆ ಹೊಗೆ ಹಾಕಿ ಓಡಿಸಿ ಅನ್ನುವವರು ಇದ್ದಾರೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಫಾ ಬಂದ ಮೇಲೆ ಆ ದನಿ ಜೋರಾಯಿತು. ಅದು ಹಣ್ಣು ತಿನ್ನುವ ದೊಡ್ಡ ಬಾವಲಿಯ ಕಥೆ. ಗೋಡೆ ಸಂದಿನ ಹುಳ ತಿನ್ನುವ ಸಣ್ಣ ಬಾವಲಿ ಬೇರೆ. ಯಾವುದು ಎಲ್ಲಿದೆ ಅಂತ ತಿಳಿಯದೆ ಎಲ್ಲವನ್ನೂ ಒಂದೇ ಬಡಿಗೆಯಿಂದ ಬಡಿಯುವುದು ದಡ್ಡತನ.

ಪರೀಕ್ಷೆಯಿಂದ ಎಲ್ಲವೂ ತಿಳಿಯದು, ನಿಜ. ಪಟ್ಟಿಯಲ್ಲಿ ಇಲ್ಲದ ಜಾತಿಗೆ ಹೆಸರು ಸಿಗುವುದಿಲ್ಲ, ಎಷ್ಟಿವೆ ಎಂಬ ಎಣಿಕೆಯೂ ಸುಲಭಕ್ಕೆ ಸಿಗದು. ಅದಕ್ಕೆ ಸಂಜೆ ಕೂತು ಎಣಿಸುವವರು ಬೇಕು. ಆದರೂ ಮಳೆಗಾಲಕ್ಕೊಮ್ಮೆ, ತೊಗರಿ ಹೂ-ಕಾಯಿ ಹಿಡಿಯುವ ದೀಪಾವಳಿ ಹೊತ್ತಿಗೊಮ್ಮೆ, ಮಳಖೇಡದ ಕೋಟೆ, ಚಿತ್ತಾಪುರದ ನಾಗಾವಿ ಗುಡಿಗಳು, ಚಿಂಚೋಳಿ ಕಾಡು, ಹಳೆ ಕ್ವಾರಿ ಇಲ್ಲೆಲ್ಲ ಹಿಕ್ಕೆ ಆಯ್ದರೆ ಎರಡು-ಮೂರು ವರ್ಷದಲ್ಲಿ ಒಂದು ದಾಖಲೆ ಆಗುತ್ತದೆ. ಆಯಲು ಕಾಲೇಜು ಹುಡುಗರು ಸಾಕು. ಕಾಡುಪ್ರಾಣಿಗಳ ಡಿಎನ್‌ಎ ಪರೀಕ್ಷಿಸುವ ಸಿ.ಸಿ.ಎಂ.ಬಿ. ಲ್ಯಾಬ್ ಹೈದರಾಬಾದಿನಲ್ಲಿದೆ; ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೋಗುವ ರೈಲು ಅಲ್ಲಿಗೇ ಮುಟ್ಟುತ್ತದೆ. ಖರ್ಚು ಗಣಿ ಕಂಪನಿಗಳು ಕೊಡಲಿ. ಲಾರಿ ಬಾಡಿಗೆಗೆ ಹೋಲಿಸಿದರೆ ಅದೇನು ಮಹಾ!

ಹೊಸ ದೊಡ್ಡ ಗಣಿಗೆ ಪರಿಸರ ಅಹವಾಲು ಸಭೆ ಕರೆಯಲೇಬೇಕು. ಅಲ್ಲಿ ಧೂಳು, ನೌಕರಿ, ಪರಿಹಾರದ ಮಾತು ಹೇಗೂ ನಡೆಯುತ್ತದೆ. ಅವುಗಳ ಜೊತೆಗೆ ತೊಗರಿ ವ್ಯಾಪಾರಿ ಒಬ್ಬರು ಎದ್ದು ನಿಂತು ಕೇಳಲಿ: ‘ಸಾಹೇಬ್ರ, ಈ ಕಲ್ಲಿನ ಸಂದ್ಯಾಗ ಯಾವ ಯಾವ ಬಾವಲಿ ಅವ, ಹಿಕ್ಕಿ ಪರೀಕ್ಷಾ ಮಾಡ್ಸೀರೇನ್ರೀ? ಕಾಗದ ತೋರಿಸ್ರಿ.’