ಹಳಿಯ ಮೇಲಣ ಇಳಿಜಾರೂ ಪರಂಪರೆಯೇ

2023ರ ಆಗಸ್ಟ್ 14ರಂದು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಜರಿದು ಶಿವಾಲಯವೊಂದು ನೆಲಸಮವಾಯಿತು. 20 ಮಂದಿ ಅಸುನೀಗಿದರು. ಅದೇ ಕುಸಿತ ಕಾಲ್ಕಾ–ಶಿಮ್ಲಾ ರೈಲುಮಾರ್ಗದ ಬುಡವನ್ನೂ ಕೊಚ್ಚಿಕೊಂಡು ಹೋಯಿತು. ತಳದಲ್ಲಿ ಮಣ್ಣೇ ಇಲ್ಲದೆ ಕಂದರದ ಮೇಲೆ ತೂಗುತ್ತಿದ್ದ ಹಳಿಗಳ ಚಿತ್ರವನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಅಕ್ಟೋಬರ್ ವೇಳೆಗೆ ಅಲ್ಲಿ ಸೇತುವೆ ಕಟ್ಟಿ ರೈಲು ಓಡಿಸಲಾಯಿತು. ಆ ಶ್ರಮ ಶ್ಲಾಘನೀಯವೇ ಸರಿ. ಆದರೆ ಕಡಿದುಹೋದ ಹಳಿಯನ್ನು ಜೋಡಿಸಿದೊಡನೆ ಪರಂಪರೆ ಉಳಿಯಿತೆಂದು ಭಾವಿಸುವುದು ತಪ್ಪು.

1903ರಲ್ಲಿ ಸಂಚಾರಕ್ಕೆ ತೆರೆದ ಈ 96 ಕಿಲೋಮೀಟರ್ ಮಾರ್ಗ 656 ಮೀಟರ್ ಎತ್ತರದ ಕಾಲ್ಕಾದಿಂದ 2,076 ಮೀಟರ್ ಎತ್ತರದ ಶಿಮ್ಲಾಕ್ಕೆ ಏರುತ್ತದೆ. ಹಳಿಗಳ ನಡುವಿನ ಅಂತರ ಕೇವಲ 762 ಮಿಲಿಮೀಟರ್. ಹಳಿ ಕಿರಿದಾದಷ್ಟೂ ರೈಲು ಬಿಗಿಯಾದ ತಿರುವುಗಳಲ್ಲಿ ಸಾಗಬಲ್ಲದು. ಆದುದರಿಂದ ಗುಡ್ಡವನ್ನು ಸೀಳುವ ಬದಲು ಅದರ ಮೈಯನ್ನು ಬಳಸಿಕೊಂಡೇ ಮೇಲೇರಲು ಸಾಧ್ಯವಾಯಿತು. 900ಕ್ಕೂ ಮಿಕ್ಕ ತಿರುವುಗಳು ಹುಟ್ಟಿಕೊಂಡದ್ದು ಹೀಗೆ. 800ಕ್ಕೂ ಹೆಚ್ಚು ಸೇತುವೆಗಳಿವೆ. ಬಹುಪಾಲು ಕಲ್ಲಿನ ಕಮಾನುಗಳು. ಪ್ರವಾಸಿಗೆ ಅವು ವಾಸ್ತುವೈಭವವಾಗಿ ಕಾಣಬಹುದು. ಮಣ್ಣು–ನೀರಿನ ಅಧ್ಯಯನ ಮಾಡುವ ನನಗೆ ಕಾಣುವುದು ಬೇರೆ: ಗುಡ್ಡದಿಂದಿಳಿಯುವ ಝರಿಗಳಿಗೆ ಅವುಗಳ ಹಾದಿಯಲ್ಲೇ ಬಿಟ್ಟ ಕಂಡಿಗಳು. ಅಡಿಕೆ ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ಏನಾಗುತ್ತದೆಂದು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. (ಮಾರ್ಗದ ಜಾಡನ್ನು ತೋರಿಸಿಕೊಟ್ಟವನು ಭಲ್ಕು ಎಂಬ ಸ್ಥಳೀಯನೆಂದು ಪ್ರತೀತಿ. ಶಿಮ್ಲಾದ ರೈಲು ವಸ್ತುಸಂಗ್ರಹಾಲಯಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.)

ಈ ರೈಲು ನಿಷ್ಪಾಪಿಯೆಂದು ನಾನು ಹೇಳುತ್ತಿಲ್ಲ. ಅದು ಬೇಸಗೆಯ ರಾಜಧಾನಿಗೆ ಏರುವ ಆಳರಸರ ಅನುಕೂಲಕ್ಕಾಗಿ ಹುಟ್ಟಿದ್ದು. ಅವರ ಕಾಲದಲ್ಲಿ ರೈಲ್ವೆಯ ಅಡಿಮರಗಳಿಗಾಗಿ ಹಿಮಾಲಯದ ದೇವದಾರು ಕಾಡುಗಳು ಉರುಳಿದವು. ಆದರೂ ಅದೇ ಸೀಮೆಯ ಪರ್ವಾಣೂ–ಸೋಲನ್ ಹೆದ್ದಾರಿಯೊಡನೆ ಹೋಲಿಸಿದಾಗ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಚತುಷ್ಪಥಕ್ಕಾಗಿ ಅಲ್ಲಿ ಇಳಿಜಾರನ್ನು ಬಹುತೇಕ ಲಂಬವಾಗಿ ಕತ್ತರಿಸಲಾಯಿತು. 2023ರ ಆಗಸ್ಟ್ ಆರಂಭದಲ್ಲಿ ಚಕ್ಕಿ ಮೋಡ್ ಬಳಿ ರಸ್ತೆಯೇ ಕುಸಿದು ಸಂಚಾರ ನಿಂತಿತು. ಇಳಿಜಾರಿನ ಪಾದ ಅದರ ಊರುಗೋಲು. ಅದನ್ನು ಕಡಿದ ಮೇಲೆ ಮಳೆನೀರು ಮಣ್ಣಿನ ರಂಧ್ರಗಳಲ್ಲಿ ತುಂಬಿದರೆ, ಕಣಗಳ ನಡುವಿನ ಹಿಡಿತ ಸಡಿಲಗೊಂಡು ಮೇಲಿನ ಭಾರ ತಾನಾಗಿ ಜಾರುತ್ತದೆ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕತ್ತರಿಸಿದ ಗುಡ್ಡ ಜರಿದುದನ್ನು ಕಂಡ ನಮಗೆ ಇದು ದೂರದ ಸಂಗತಿಯಲ್ಲ.

ಸಮ್ಮರ್ ಹಿಲ್‌ನಲ್ಲಿ ಕುಸಿತ ಆರಂಭವಾದದ್ದು ಹಳಿಯ ಮೇಲಿನ ಇಳಿಜಾರಿನಲ್ಲಿ. ಹಳಿ ಎಷ್ಟೇ ವಿವೇಕದಿಂದ ಸಾಗಿದ್ದರೂ ನೆತ್ತಿಯ ಮೇಲಿನ ಗುಡ್ಡವನ್ನು ಅದು ಹಿಡಿದು ನಿಲ್ಲಿಸಲಾರದು. ಡಾರ್ಜಿಲಿಂಗ್‌ನ ಪುಟ್ಟ ರೈಲೂ 2010ರಲ್ಲಿ ಪಗ್ಲಾಝೋರಾದ ಕುಸಿತದಿಂದ ತುಂಡಾಯಿತು. ಮಾರ್ಗ ಪೂರ್ತಿಯಾಗಿ ತೆರೆದದ್ದು 2015ರಲ್ಲಿ. ನೀಲಗಿರಿಯ ಹಲ್ಲುಹಳಿಯ ರೈಲು ಕಲ್ಲಾರ್–ಕೂನೂರು ನಡುವೆ ಮಣ್ಣು ಜರಿದು ಮತ್ತೆ ಮತ್ತೆ ನಿಲ್ಲುತ್ತದೆ. ಮೂರೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿವೆ: ಡಾರ್ಜಿಲಿಂಗ್ 1999ರಿಂದ, ನೀಲಗಿರಿ 2005ರಿಂದ, ಕಾಲ್ಕಾ–ಶಿಮ್ಲಾ 2008ರಿಂದ.

ಉಗಿ ಯಂತ್ರಕ್ಕೆ ಬಣ್ಣ ಬಳಿಯುವುದು, ನಿಲ್ದಾಣವನ್ನು ಹಳೆಯ ಚೆಲುವಿಗೆ ಮರಳಿಸುವುದು ಬೇಡವೆಂದಲ್ಲ. ಮೊದಲು ಆಗಬೇಕಾದದ್ದು ಹಳಿಯ ಮೇಲಿನ ಪ್ರತಿಯೊಂದು ಕಿರು ಜಲಾನಯನದ ಸಮೀಕ್ಷೆ: ಯಾವ ಕಟ್ಟಡದ ಬಚ್ಚಲು ನೀರು ಎತ್ತ ಹರಿಯುತ್ತಿದೆ, ಯಾವ ಝರಿಯ ಬಾಯಿಗೆ ಕಟ್ಟಡದ ಅವಶೇಷ ಸುರಿದಿದ್ದಾರೆ, ಆಳಕ್ಕೆ ಬೇರಿಳಿಸುವ ಮರಗಳು ಎಲ್ಲಿ ಮಾಯವಾಗಿವೆ ಎಂಬ ಲೆಕ್ಕ. ಈ ಜಮೀನು ರೈಲ್ವೆಯದಲ್ಲ. ಆದಕಾರಣ ರೈಲ್ವೆಯೊಂದರಿಂದಲೇ ಇದು ಆಗದು. ನಗರಸಭೆ, ಅರಣ್ಯ ಇಲಾಖೆ, ಹೆದ್ದಾರಿಯವರು ಒಂದೇ ಮೇಜಿನ ಸುತ್ತ ಕುಳಿತು, ಮಳೆಗಾಲಕ್ಕೆ ಮುಂಚೆಯೇ ಆ ನಕ್ಷೆಯನ್ನು ಹರಡಿಕೊಳ್ಳಬೇಕು.